ರಕ್ತ ಯಾರದೆಂದು ಗೊತ್ತಾಯಿತು, ಆಮೇಲೆ?

ಅಪರಾಧಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದೇನೆ ಎಂದರೆ ಊರಲ್ಲಿ ಎರಡು ಪ್ರಶ್ನೆ ಗ್ಯಾರಂಟಿ. ‘ಪಿಎಸ್‌ಐ ಆಗ್ತೀಯಾ?’ ‘ಹೆಣ ಕೊಯ್ಯೋದು ಕಲಿಸ್ತಾರಾ?’ ಎರಡಕ್ಕೂ ಇಲ್ಲ ಎಂದಿರೋ, ‘ಮತ್ಯಾಕೆ ಓದ್ತೀಯಾ?’

ಈ ಮೂರನೆಯದನ್ನು ಈಗ ಬಲ್ಲವರೂ ಕೇಳುತ್ತಿದ್ದಾರೆ. ಕೋರ್ಸನ್ನು ಪೂರಾ ವಿಧಿವಿಜ್ಞಾನವನ್ನಾಗಿ ಮಾಡಿಬಿಡಿ, ಕೆಲಸವಾದರೂ ಸಿಗಲಿ ಎನ್ನುವುದು ಅವರ ವಾದ. ವಾದದಲ್ಲಿ ಹುರುಳಿಲ್ಲವೆನ್ನಲಾರೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಏಳು ವರ್ಷ ಅಥವಾ ಅದಕ್ಕೂ ಹೆಚ್ಚು ಶಿಕ್ಷೆಯಾಗಬಹುದಾದ ಪ್ರಕರಣಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಲೇಬೇಕು. ವ್ಯವಸ್ಥೆ ಮಾಡಿಕೊಳ್ಳಲು ರಾಜ್ಯಗಳಿಗೆ ಐದು ವರ್ಷ ಗಡುವು. ಧಾರವಾಡದಲ್ಲಿ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ಸಿಗೆ 2023ರ ಜನವರಿಯಲ್ಲೇ ಅಡಿಗಲ್ಲು ಬಿದ್ದಿದೆ. ಅದೇ ಊರಿನ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರವೂ ವಿಧಿವಿಜ್ಞಾನವೂ ಒಂದೇ ವಿಭಾಗದ ಸೂರಿನಡಿ ಇವೆ.

ಆದರೆ ಪ್ರಯೋಗಾಲಯ ಹೇಳುವುದು ರಕ್ತ ಯಾರದು ಎಂದಷ್ಟೇ; ಆಮೇಲೆ ಜೈಲಿನಲ್ಲಿ ಏನಾಗುತ್ತದೆ ಎಂದಲ್ಲ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರ ಅಪರಾಧ ಇನ್ನೂ ಸಾಬೀತಾಗಿರಲಿಲ್ಲ. ಇದಕ್ಕೆ ಯಾವ ಸೂಕ್ಷ್ಮದರ್ಶಕ ಹಿಡಿಯುತ್ತೀರಿ?

2024ರ ಆಗಸ್ಟಿನಲ್ಲಿ ಪರಪ್ಪನ ಅಗ್ರಹಾರ ಜೈಲಿನಲ್ಲಿ ವಿಚಾರಣಾಧೀನ ನಟನೊಬ್ಬ ರೌಡಿಗಳ ಜೊತೆ ಕೂತಿದ್ದ ಫೋಟೊ ಹೊರಬಿದ್ದಾಗ ಟಿವಿಗಳು ನಟನ ಕೈಯಲ್ಲಿದ್ದ ಕಪ್ಪು, ಸಿಗರೇಟು, ಕುರ್ಚಿಯ ಬಣ್ಣವನ್ನೆಲ್ಲ ಜಾಲಾಡಿದವು. ಅಧಿಕಾರಿಗಳು ಅಮಾನತಾದರು, ನಟ ಬಳ್ಳಾರಿ ಜೈಲಿಗೆ ಹೋದರು, ಕತೆ ಮುಗಿಯಿತು. ಜೈಲೊಳಗೆ ರೌಡಿಗಳ ದರ್ಬಾರು ಹೇಗೆ ನಡೆಯುತ್ತದೆ, ದುಡ್ಡಿಲ್ಲದ ಕೈದಿ ಅದಕ್ಕೆ ಏನು ತೆರುತ್ತಾನೆ ಎನ್ನುವುದು ಅಪರಾಧಶಾಸ್ತ್ರದ ಪಾಠ. ಚರ್ಚೆಗೆ ಕೂತವರು ಮಾತ್ರ ಸಿನಿಮಾದವರು ಮತ್ತು ವಕೀಲರು.

ನನಗೆ ಪರಿಚಯದ ವಿದ್ಯಾರ್ಥಿನಿಯೊಬ್ಬಳು ಒಳ್ಳೆಯ ವಿಷಯವನ್ನೇ ಹಿಡಿದಿದ್ದಳು: ಜಾಮೀನು ಸಿಕ್ಕರೂ ಶ್ಯೂರಿಟಿ ಕೊಡುವವರಿಲ್ಲದೆ ಒಳಗೇ ಉಳಿದವರು ಎಷ್ಟು? ವಿಭಾಗದ ಸೀಲು ಒತ್ತಿದ ಪತ್ರ ಹಿಡಿದು ಜೈಲಿನ ಕಚೇರಿಗೆ ನಾಲ್ಕು ಸಲ ಅಲೆದಳು. ಮೊದಲ ಸಲ ಸಾಹೇಬರು ಮೀಟಿಂಗಿನಲ್ಲಿದ್ದರು. ಎರಡನೇ ಸಲ ‘ಮೇಲಿನಿಂದ ಪರ್ಮಿಷನ್ ತನ್ನಿ’ ಎಂದಾಯಿತು. ಮೂರನೇ ಸಲ ಪತ್ರವೇ ಸಿಗಲಿಲ್ಲ. ನಾಲ್ಕನೇ ಸಲ ಗುಮಾಸ್ತರು ಪಾಪ, ಚಹಾ ತರಿಸಿಕೊಟ್ಟು, ‘ಬೇರೆ ಸಬ್ಜೆಕ್ಟ್ ತಗೊಳ್ಳಮ್ಮ’ ಎಂದರು. ತಗೊಂಡಳು. ಮೂರು ದಿನಪತ್ರಿಕೆಗಳ ಅಪರಾಧ ಸುದ್ದಿಯ ವಿಶ್ಲೇಷಣೆ. ಲೈಬ್ರರಿಯಲ್ಲೇ ಮುಗಿಯಿತು, ಫಸ್ಟ್ ಕ್ಲಾಸೂ ಬಂತು.

ಇಂಥ ಪ್ರಬಂಧಗಳನ್ನು ಬರೆಸಿ, ಆಮೇಲೆ ಕೋರ್ಸು ದಂಡ ಎಂದು ಮೂಗು ಮುರಿಯುವುದು ಎಲ್ಲಿಯ ನ್ಯಾಯ? ವಿಭಾಗಗಳೂ ಸಾಚಾ ಅಲ್ಲ. ಪ್ರವೇಶದ ಪೋಸ್ಟರಿನಲ್ಲಿ ಭೂತಗನ್ನಡಿ ಛಾಪಿಸಿ ಮಕ್ಕಳನ್ನು ಕರೆಯುವವರು ಅವರೇ ತಾನೆ?

ಕೆಲಸದ ಮಾತಿಗೆ ಬಂದರೆ, ಅಪರಾಧಿಗಳ ಪ್ರೊಬೇಷನ್ ಕಾಯ್ದೆ 1958ರದು. ಅದರಡಿ ಆರೋಪಿಯ ಮನೆಗೆ ಹೋಗಿ ಅವನ ಹಿನ್ನೆಲೆ ವಿಚಾರಿಸುವ ಅಧಿಕಾರಿಯ ಹುದ್ದೆಗೆ ಈ ಪದವಿಗಿಂತ ಹೊಂದುವ ಓದು ಇನ್ನೊಂದಿಲ್ಲ. ನೇಮಕಾತಿಯಲ್ಲಿ ಇದಕ್ಕೇ ಮೊದಲ ಆದ್ಯತೆ ಸಿಗಲಿ. ಅದಕ್ಕೂ ಮುಂಚೆ ಜೈಲಿನ ರಿಜಿಸ್ಟರು ತೆರೆಯಲಿ. ಬೇಕಾದರೆ ಹೆಸರುಗಳನ್ನು ಮುಚ್ಚಿಯೇ ಕೊಡಿ. ಆ ಹುಡುಗಿ ಕೇಳಿದ್ದು ಬರೀ ಲೆಕ್ಕವನ್ನು.