ಐವತ್ತು ಜನರಲ್ಲಿ ಒಂದು ಜಾತ್ರೆ

ನಂಜನಗೂಡಿನ ದೊಡ್ಡಜಾತ್ರೆಯಲ್ಲಿ ಶ್ರೀಕಂಠೇಶ್ವರನ ತೇರು ಸೇರಿ ಐದು ತೇರುಗಳು ಹೊರಡುವಾಗ ರಥಬೀದಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಇಂಥದೇ ದೃಶ್ಯ ಒಂದು ಸಿನಿಮಾಕ್ಕೆ ಬೇಕು, ಆದರೆ ನಿರ್ಮಾಪಕರ ಬಳಿ ಹಣ ಕಡಿಮೆ. ಏನು ಮಾಡಬೇಕು?

ಮೊದಲು ಲೆಕ್ಕ. ಸಡಿಲವಾಗಿ ನಿಂತ ಗುಂಪಿನಲ್ಲಿ ಒಬ್ಬರಿಗೆ ಸುಮಾರು 10 ಚದರ ಅಡಿ ಜಾಗ ಎಂಬುದು 1960ರ ದಶಕದಲ್ಲಿ ಅಮೆರಿಕದ ಪತ್ರಿಕೋದ್ಯಮ ಅಧ್ಯಾಪಕ ಹರ್ಬರ್ಟ್ ಜೇಕಬ್ಸ್ ಕೊಟ್ಟ ಅಂದಾಜು. 100 ಅಡಿ ಉದ್ದ, 40 ಅಡಿ ಅಗಲದ ಬೀದಿ ತುಂಬಲು 400 ಜನ ಬೇಕು. ಅವರಿಗೆಲ್ಲ ಕೂಲಿ, ಊಟ, ಬಸ್ಸು! ‘ಗಾಂಧಿ’ (1982) ಚಿತ್ರದ ಅಂತಿಮಯಾತ್ರೆಯ ದೃಶ್ಯಕ್ಕೆ ಸುಮಾರು ಮೂರು ಲಕ್ಷ ಜನ ಸೇರಿದ್ದರು. ಅದು ಎಲ್ಲರಿಗೂ ಆಗುವ ಮಾತಲ್ಲ.

ನಮ್ಮ ಕಣ್ಣು ತಲೆಗಳನ್ನು ಎಣಿಸುವುದಿಲ್ಲ. ನಡುವೆ ಖಾಲಿ ನೆಲ ಕಾಣದಿದ್ದರೆ ‘ಜನಜಂಗುಳಿ’ ಎಂದುಕೊಳ್ಳುತ್ತದೆ. ಆದ್ದರಿಂದ ಕ್ಯಾಮೆರಾವನ್ನು ಮಹಡಿಯ ಮೇಲಿಡದೆ ಜನರ ಎದೆಮಟ್ಟದಲ್ಲಿ ಇಡುತ್ತಾರೆ. ಮುಂದಿನವರ ದೇಹ ಹಿಂದಿನ ಖಾಲಿ ಜಾಗವನ್ನು ಮುಚ್ಚುತ್ತದೆ.

ಎರಡನೆಯದು ದೂರ. ಕ್ಯಾಮೆರಾದಿಂದ ಒಬ್ಬ 10 ಅಡಿ, ಇನ್ನೊಬ್ಬ 50 ಅಡಿ ದೂರದಲ್ಲಿದ್ದರೆ ಹಿಂದಿನವನು ಐದನೇ ಒಂದರಷ್ಟು ಎತ್ತರ ಕಾಣುತ್ತಾನೆ. ಅವರು ನಿಂತಲ್ಲೇ ನಿಲ್ಲಲಿ, ಕ್ಯಾಮೆರಾ ಹಿಂದೆ ಸರಿಯಲಿ. ದೂರ 200 ಮತ್ತು 240 ಅಡಿಯಾದಾಗ ಹಿಂದಿನವನು ಆರರಲ್ಲಿ ಐದು ಪಾಲು ಎತ್ತರ ಕಾಣುತ್ತಾನೆ. ಇಬ್ಬರೂ ಅಕ್ಕಪಕ್ಕ ನಿಂತಂತೆ ತೋರುತ್ತಾರೆ. ಜೂಮ್ ಲೆನ್ಸ್ ಆ ಬಿಂಬವನ್ನು ದೊಡ್ಡದು ಮಾಡುತ್ತದೆ, ಅಷ್ಟೇ.

ಮೂರನೆಯದು ಜೋಡಣೆ. ಕ್ಯಾಮೆರಾ ಅಲುಗಿಸದೆ 50 ಜನರನ್ನು ಎಡಕ್ಕೆ ನಿಲ್ಲಿಸಿ ಒಮ್ಮೆ, ಬಟ್ಟೆ ಬದಲಿಸಿ ಬಲಕ್ಕೆ ನಿಲ್ಲಿಸಿ ಮತ್ತೊಮ್ಮೆ ಚಿತ್ರಿಸಿ, ಎರಡು ಅರ್ಧಗಳನ್ನು ಸೇರಿಸಿದರೆ 100 ಜನ! ಯಾರೂ ನಡುಗೆರೆ ದಾಟಬಾರದು; ಬೇಗ ಮುಗಿಸಬೇಕು, ಇಲ್ಲದಿದ್ದರೆ ಬಿಸಿಲು ಸರಿದು ನೆರಳುಗಳು ಗುಟ್ಟು ರಟ್ಟು ಮಾಡುತ್ತವೆ. ಹಿಂದೆ ಫಿಲ್ಮಿನಲ್ಲಿ ಮಾಡುತ್ತಿದ್ದ ಈ ಕೆಲಸವನ್ನು ಈಗ ಕಂಪ್ಯೂಟರ್ ಮಾಡುತ್ತದೆ.

ನಂಜನಗೂಡಿನಿಂದ ಹರಿಯುವ ಕಪಿಲೆ ತಿ. ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. 1989ರಿಂದ ಕುಂಭಮೇಳ ನಡೆಯುತ್ತಿರುವುದು ಈ ಸಂಗಮದಲ್ಲೇ. ಮೇಳವಿಲ್ಲದ ದಿನ, ನೀರಿನಿಂದ ದೂರ, ಹತ್ತು ಗೆಳೆಯರನ್ನು ನಾಲ್ಕು ಹೆಜ್ಜೆಗೊಬ್ಬರಂತೆ ಹಿಂದೆ ಮುಂದೆ ನಿಲ್ಲಿಸಿ. ಮೊಬೈಲಿನಲ್ಲಿ ಒಂದು ಫೋಟೊ ದೂರದಿಂದ ಜೂಮ್ ಮಾಡಿ, ಇನ್ನೊಂದು ಮೇಲಿನ ಮೆಟ್ಟಿಲಿನಿಂದ ತೆಗೆದು ಹೋಲಿಸಿ.

ಸಿನಿಮಾದಲ್ಲಿ ಇದು ಚಮತ್ಕಾರ. ಆದರೆ ಸಭೆ, ಮೆರವಣಿಗೆಗಳ ಫೋಟೊ ತೋರಿಸಿ ‘ಲಕ್ಷ ಜನ’ ಎಂದಾಗಲೂ ಇದೇ ತಂತ್ರ ಇರಬಹುದು. ಕ್ಯಾಮೆರಾ ಎಲ್ಲಿತ್ತು, ನೆಲ ಕಾಣುತ್ತಿದೆಯೇ ಎಂದು ಮಕ್ಕಳು ಕೇಳಲಿ. ಮೈದಾನದ ಉದ್ದಗಲ ಗೊತ್ತಿದ್ದರೆ ಹತ್ತರಿಂದ ಭಾಗಿಸಿ ನೋಡಲಿ. ತಂದೆತಾಯಿಯರೂ ಜೊತೆಗೆ ಕೂತು ಲೆಕ್ಕ ಹಾಕಬಹುದು.