ಎರಡನೆಯ ಹಲಗೆ

ಮೂಲ್ಕಿಯಲ್ಲಿ ೨೦೦೪ರಲ್ಲಿ ಮಂತ್ರ ಸರ್ಫ್ ಕ್ಲಬ್ಬು ಸ್ಥಾಪಿತವಾದ ಮೇಲೆ, ಹಲಗೆಯ ಮೇಲೆ ನಿಂತು ಕಡಲ ತೆರೆಯೇರುವ ಸರ್ಫಿಂಗ್ ಆಟವು ನಮ್ಮ ಕರಾವಳಿಯಲ್ಲಿ ಬೇರೂರಿದೆ. ಕಲಿಕೆಯ ಮೊದಲ ದಿನಗಳು, ಕಲಿಸುವವರೇ ಕೊಡುವ ಎಂಟು ಅಡಿಯ ಮೆತ್ತನೆಯ ಫೋಮ್ ಹಲಗೆಯ ಮೇಲೆ ಸುಖವಾಗಿ ಕಳೆಯುತ್ತವೆ. ತೊಡಕು ಹುಟ್ಟುವುದು ಆಮೇಲೆ. ಮಗನೋ ಮಗಳೋ ಬಂದು, ತನಗಿನ್ನು ಸ್ವಂತದ ಹಲಗೆ ಬೇಕೆಂದಾಗ, ಯಾವುದನ್ನು ಕೊಳ್ಳಬೇಕೆಂಬುದು ಹಿರಿಯರಿಗೆ ತೋಚದು. ಈ ತಿಂಗಳು ಅದನ್ನೇ ವಿಚಾರಿಸೋಣ.

ಮೊದಲು ಕಲಿತವನ ನೆಲೆಯನ್ನು ತಿಳಿಯತಕ್ಕದ್ದು. ಇನ್ನೂ ಒಡೆಯದ ತೆರೆಯನ್ನು ಪರರ ನೆರವಿಲ್ಲದೆ ಹಿಡಿದು, ಅದರ ಮೈಗುಂಟ ಎಡಕ್ಕೋ ಬಲಕ್ಕೋ ಸಾಗಬಲ್ಲವನು ನಡುಮಟ್ಟದವನು. ಅಷ್ಟು ಬಾರದವನಿಗೆ ಹಳೆಯ ಹಲಗೆಯೇ ಸಾಕು.

ನಡುಮಟ್ಟದವರು ಸಾಮಾನ್ಯವಾಗಿ ಮಾಡುವ ತಪ್ಪನ್ನು ನಾವೂ ಮಾಡಿದೆವು. ಪಂದ್ಯ ಗೆಲ್ಲುವವರ ಹಲಗೆ ಗಿಡ್ಡವೂ ತೆಳುವೂ ಆಗಿರುವುದನ್ನು ಕಂಡು, ಅಂಥದನ್ನೇ ಕೊಂಡು ತಂದೆವು. ಒಂದು ಋತುವೆಲ್ಲ ನೀರೆಳೆದು ತೋಳು ಸೋತಿತೇ ಹೊರತು, ಒಂದು ಬೆಳಗಿಗೆ ಎರಡು ತೆರೆ ದಕ್ಕಿದರೆ ಅದೇ ಹೆಚ್ಚು. ಕುಣಿಯಲಾರದವಳು ನೆಲ ಡೊಂಕೆಂದಂತೆ, ನಾವು ಕಡಲನ್ನು ದೂರಿದೆವು. ದೋಷವು ಕಡಲಿನದಲ್ಲ, ನಮ್ಮ ಒಣಜಂಬದ್ದು.

ಹಲಗೆಯು ಎಷ್ಟು ತೇಲಿಸಬಲ್ಲುದೆಂಬುದನ್ನು ಅದರ ಗಾತ್ರದಿಂದ ಅಳೆಯುತ್ತಾರೆ. ಗಾತ್ರದ ಲೆಕ್ಕ ಲೀಟರಿನಲ್ಲಿ. ಹಲಗೆಯ ಮೇಲೆ ಅದನ್ನು ಬರೆದಿರುವುದೂ ಉಂಟು. ಹೊಸಬನಿಗೆ ಮೈತೂಕದ ಕಿಲೋಗ್ರಾಮೊಂದಕ್ಕೆ ಸುಮಾರು ಒಂದು ಲೀಟರು ಬೇಕು. ನಡುಮಟ್ಟದವನಿಗೆ ಅರ್ಧ ಲೀಟರಿನಿಂದ ಅದಕ್ಕೆ ತುಸು ಮೇಲಿನವರೆಗೆ ಸಾಕು. ೬೦ ಕಿಲೋಗ್ರಾಮು ತೂಗುವವನಿಗೆ ೩೦ರಿಂದ ೩೬ ಲೀಟರು ಎಂದಾಯಿತು. ಆರೂವರೆ ಅಡಿ ಉದ್ದ, ಇಪ್ಪತ್ತೂವರೆ ಅಂಗುಲ ಅಗಲ, ಎರಡೂವರೆ ಅಂಗುಲ ದಪ್ಪದ ಹಲಗೆಯು ಈ ಲೆಕ್ಕದ ಮೇಲುತುದಿಗೆ ಬರುವುದು. ಭಾನುವಾರ ಮಾತ್ರ ಕಡಲಿಗಿಳಿಯುವವನು ಮೇಲಿನ ಅಂಕಿಯನ್ನೇ ಹಿಡಿಯಲಿ; ಬೇಕಾದರೆ ಇನ್ನೂ ನಾಲ್ಕು ಲೀಟರು ಕೂಡಿಸಲಿ.

ಇನ್ನು ಆಕಾರ. ಮಳೆಗಾಲ ಕಳೆದ ಮೇಲೆ ನಮ್ಮ ತೀರದ ತೆರೆಗಳು ಬಹುಮಟ್ಟಿಗೆ ಸೌಮ್ಯವಾದವು. ಅಂಥ ತೆರೆಗೆ ತುಂಬಿದ ಮೂತಿಯ, ಹೆಚ್ಚು ಬಾಗಿಲ್ಲದ ಹಲಗೆ ಒಪ್ಪುವುದು. ಮೂತಿ ಮೇಲಕ್ಕೆ ಬಹಳ ಬಾಗಿದ ಹಲಗೆಯು ಕಡಿದಾದ ತೆರೆಗೆ ತಕ್ಕುದು. ಇಲ್ಲಿ ಅದು ನಿಧಾನವಾದೀತು. ಅಡಿಯಲ್ಲಿ ಮೂರು ರೆಕ್ಕೆಗಳಿದ್ದರೆ ಸಾಕು. ೧೯೮೧ರಲ್ಲಿ ಆಸ್ಟ್ರೇಲಿಯದ ಸೈಮನ್ ಆಂಡರ್ಸನ್ನರು ಇಂಥ ಹಲಗೆಯಿಂದಲೇ ಬೆಲ್ಸ್ ಬೀಚಿನ ಪಂದ್ಯವನ್ನು ಗೆದ್ದರು. ಆಮೇಲೆ ಲೋಕವೆಲ್ಲ ಅದನ್ನು ಅನುಸರಿಸಿತು.

ಹಳೆಯ ಹಲಗೆಯನ್ನು ಕೊಳ್ಳಲು ನಾಚಬೇಕಾಗಿಲ್ಲ. ಬಿಸಿಲಿಗೆ ಹಳದಿಯಾದುದು ದೊಡ್ಡ ದೋಷವಲ್ಲ. ಆದರೆ ಹೆಬ್ಬೆರಳಿನಿಂದ ಒತ್ತಿದಾಗ ಮೆತ್ತಗಾಗುವ ಭಾಗವಿದೆಯೇ, ರೆಕ್ಕೆಯ ಬುಡದಲ್ಲಿ ಬಿರುಕಿದೆಯೇ, ಬಿರುಕಿನ ಸುತ್ತ ಕಂದುಕಲೆಯಿದೆಯೇ ಎಂದು ನೋಡಬೇಕು. ಇವಿದ್ದರೆ ನೀರು ಒಳಹೊಕ್ಕಿದೆಯೆಂದು ಶಂಕಿಸತಕ್ಕದ್ದು. ಕಾಲಿಗೆ ಕಟ್ಟುವ ಹಗ್ಗ ಮಾತ್ರ ಹೊಸದೇ ಇರಲಿ. ಅದರ ಉದ್ದವು ಹಲಗೆಯ ಉದ್ದಕ್ಕೆ ಕಡಿಮೆಯಾಗದಿರಲಿ. ಹಗ್ಗ ಹರಿದು ತೆರೆಯೊಡನೆ ನುಗ್ಗುವ ಹಲಗೆಯು, ದಡದ ಬಳಿ ಮೀಯುವ ಮಕ್ಕಳ ತಲೆಗೆ ಬಡಿದೀತು.

ಕೊಳ್ಳುವ ಮುನ್ನ ಅಂಥದೇ ಹಲಗೆಯನ್ನು ಬಾಡಿಗೆಗೆ ತಂದು, ಮೂರು ಬೆಳಗು ಏರಿ, ದಕ್ಕಿದ ತೆರೆಗಳನ್ನೆಣಿಸಿರಿ. ಎಣಿಕೆ ಇಳಿದರೆ ಇನ್ನೂ ದೊಡ್ಡ ಹಲಗೆಯೇ ಲೇಸು. ಗಿಡ್ಡ ಹಲಗೆಯೇ ಗೌರವವೆಂದು ಹಟ ಹಿಡಿಯುವ ಮಕ್ಕಳಿಗೆ ಒಂದು ಸಂಗತಿಯನ್ನು ತಿಳಿಸಿರಿ: ಈ ಆಟದ ತವರಾದ ಹವಾಯಿಯಲ್ಲಿ, ಹಿಂದೆ ಓಲೋ ಎಂಬ ಅತಿ ನೀಳವಾದ ಹಲಗೆಯು ಅರಸುಮನೆತನದವರಿಗೇ ಮೀಸಲಾಗಿತ್ತಂತೆ.