ಆಮೆ ಬೆನ್ನ ಮೇಲಿನ ಗೋಪುರಗಳು

ಈ ಕಡೆ ತಲೆ ಹಾಕಿ ತಿಂಗಳುಗಳೇ ಆಗಿದ್ದವು. ಆಫೀಸು, ರಿಲೀಸು, ಅದೇ ಗೋಳು ಬಿಡಿ. ಆದ್ರೆ ಈ ಸಲ ಊರಿಗೆ ಹೋಗಿ ಬಂದ ಮೇಲೆ ಬರೀದೇ ಇರೋಕೆ ಆಗ್ಲಿಲ್ಲ. ಇದು ಜಗಳದ ಬರಹ, ಮೊದಲೇ ಹೇಳಿಬಿಡ್ತೀನಿ.

ಹರಿಹರದಲ್ಲಿ ನಮ್ಮ ಅತ್ತೆ ಮನೆ. ಅಲ್ಲೊಂದು ನಕ್ಷತ್ರ ಆಮೆ ಮರಿ ಇತ್ತು. ಎರಡು ವರ್ಷದ ಹಿಂದೆ ಪರಿಚಯದವರೊಬ್ಬರು "ಮನೇಲಿದ್ರೆ ಲಕ್ಷ್ಮಿ ಬರ್ತಾಳೆ" ಅಂತ ಕೊಟ್ಟು, ದುಡ್ಡೂ ಇಸ್ಕೊಂಡು ಹೋಗಿದ್ರಂತೆ. ಬಂದಾಗ ನಿಂಬೆಹಣ್ಣಿನಷ್ಟು ಗಾತ್ರ, ಬೆನ್ನು ನುಣ್ಣಗೆ. ಈಗ ಚಿಪ್ಪಿನ ಒಂದೊಂದು ಬಿಲ್ಲೆಯೂ ಗುಡ್ಡದ ಹಾಗೆ ಎದ್ದು ನಿಂತಿದೆ. ಅತ್ತೆ ಹೆಮ್ಮೆಯಿಂದ ತೋರಿಸಿದ್ರು.

"ನೋಡಪ್ಪಾ, ಬೆನ್ನಮ್ಯಾಲೆ ಗೋಪುರ ಬಂದಾವು. ಭಾಳ ಒಳ್ಳೇದಂತೆ!"

"ತಿನ್ನಾಕ ಏನ್ ಹಾಕ್ತೀರಿ ಅತ್ತೆ?"

"ಅದಕ್ಕೇನ್ ಬೇಕು? ಮಂಡಕ್ಕಿ ಹಾಕಿದ್ರೂ ತಿಂತೈತಿ."

ದಾವಣಗೆರೆ ಕಡೆಯವರಾದ ನಮಗೆ ಮಂಡಕ್ಕಿ-ಮೆಣಸಿನಕಾಯಿ ಅಮೃತ, ಒಪ್ಪಿದೆ. ಆದ್ರೆ ಹುಲ್ಲು, ಸೊಪ್ಪು, ಹೂವು ತಿಂದು ಬದುಕೋ ಪ್ರಾಣಿಗೆ ಮಂಡಕ್ಕಿಯೇ? ಸಾಲದ್ದಕ್ಕೆ ಚಿಪ್ಪು ಹೊಳೀಲಿ ಅಂತ ವಾರಕ್ಕೊಮ್ಮೆ ಕೊಬ್ಬರಿ ಎಣ್ಣೆ ಬೇರೆ!

ಆ ಗೋಪುರ ಶುಭವೂ ಅಲ್ಲ, ಚೆಂದವೂ ಅಲ್ಲ. ಅದು ನಮ್ಮ ಅಸಡ್ಡೆಯ ಗುರುತು. ಚಿಪ್ಪಿನ ಮೇಲ್ಪದರ ನಮ್ಮ ಉಗುರಿನಂಥದ್ದೇ ಪದಾರ್ಥ. ಅದರ ಕೆಳಗೆ ಮೂಳೆ. ಬೆನ್ನೆಲುಬು, ಪಕ್ಕೆಲುಬು ಎಲ್ಲಾ ಆ ಮೂಳೆಗೇ ಬೆಸೆದುಕೊಂಡಿರುತ್ತವೆ. ಮರಿ ಬೆಳೆಯುವಾಗ ಪ್ರತಿ ಬಿಲ್ಲೆಯ ಅಂಚಿನಲ್ಲಿ ಹೊಸ ಪದರ ಬರುತ್ತೆ. ಸುತ್ತಲಿನ ಗಾಳಿ ತೀರಾ ಒಣಗಿದ್ರೆ ಬಿಲ್ಲೆ ಅಗಲಕ್ಕೆ ಹರಡೋ ಬದಲು ಮೇಲಕ್ಕೆ ಉಬ್ಬುತ್ತೆ. ಪ್ರೋಟೀನ್ ಜಾಸ್ತಿ ಆದ್ರೆ ಹೀಗಾಗುತ್ತೆ ಅಂತ ಬಹಳ ವರ್ಷ ನಂಬಿದ್ರು. 2003ರಲ್ಲಿ ವಿಯೆನ್ನಾದ ಸಂಶೋಧಕರು ಆಫ್ರಿಕಾದ ಸುಲ್ಕಾಟ ಆಮೆಯ 50 ಮರಿಗಳನ್ನು ಐದು ತಿಂಗಳು ಸಾಕಿ ನೋಡಿದ್ರು. ತೇವ ಕಡಿಮೆ ಇದ್ದಲ್ಲಿ ಬೆನ್ನು ಹೆಚ್ಚು ಉಬ್ಬಿತ್ತು, ಪ್ರೋಟೀನಿನ ಪಾಲು ಅಲ್ಪ. ನಕ್ಷತ್ರ ಆಮೆಗೆ ಕಾಡಿನಲ್ಲೂ ಸ್ವಲ್ಪ ಉಬ್ಬು ಇರುತ್ತೆ, ನಿಜ. ಆದ್ರೆ ಅತ್ತೆ ಮನೆಯದು ಆ ಲೆಕ್ಕದ್ದಲ್ಲ.

ಇನ್ನು ಬಿಸಿಲು. ಯುವಿ-ಬಿ ಕಿರಣ ಇಲ್ಲದಿದ್ರೆ ಮೈಯಲ್ಲಿ ಡಿ3 ವಿಟಮಿನ್ ತಯಾರಾಗಲ್ಲ, ತಿಂದ ಕ್ಯಾಲ್ಸಿಯಂ ಮೂಳೆಗೆ ದಕ್ಕಲ್ಲ, ಚಿಪ್ಪು ಮೆತ್ತಗಾಗುತ್ತೆ. "ಕಿಟಕಿ ಹತ್ರಾನೇ ಇಟ್ಟೀವಲ್ಲ" ಅಂದ್ರು ಮಾವ. ಕಿಟಕಿಯ ಗಾಜು ಆ ಕಿರಣಗಳನ್ನು ಒಳಗೇ ಬಿಡಲ್ಲ ಮಾವ!

ಈಗ ನನ್ನ ತಪ್ಪಿಗೆ ಬರ್ತೀನಿ. ಹೋದ ವರ್ಷ ಅತ್ತೆ ಮಗ ಫೋಟೋ ಕಳಿಸಿ "ಅಣ್ಣಾ, ಚಿಪ್ಪು ನುಣ್ಣಗೆ ಆಗಾಕ ಏನ್ ಮಾಡ್ಬೇಕು?" ಅಂತ ಕೇಳಿದ್ದ. ನಾನು ದೊಡ್ಡ ಪಂಡಿತನ ಹಾಗೆ ಪಟ್ಟಿ ಕಳಿಸಿದೆ. ಒದ್ದೆ ಮಣ್ಣಿರೋ ಅಡಗುತಾಣ, ತಟ್ಟೆಯಲ್ಲಿ ಉಗುರುಬೆಚ್ಚನೆ ನೀರಿನ ಸ್ನಾನ, ಹುಲ್ಲು-ಸೊಪ್ಪು, ಕ್ಯಾಲ್ಸಿಯಂ, ಯುವಿ-ಬಿ ದೀಪ. ಎಲ್ಲಾ ಸರಿಯಾದ ಮಾತುಗಳೇ. ಮೊದಲು ಹೇಳಬೇಕಾಗಿದ್ದ ಒಂದು ಮಾತನ್ನ ಮಾತ್ರ ನುಂಗಿಕೊಂಡೆ: ಅದನ್ನ ಮನೇಲಿ ಇಟ್ಕೊಳ್ಳೋದೇ ಅಪರಾಧ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ನಕ್ಷತ್ರ ಆಮೆ ಮೊದಲು ನಾಲ್ಕನೇ ಪರಿಚ್ಛೇದದಲ್ಲಿತ್ತು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಂದು ಜಾರಿಗೆ ಬಂದ ಮೇಲೆ ಮೊದಲನೇ ಪರಿಚ್ಛೇದಕ್ಕೆ, ಅಂದ್ರೆ ಹುಲಿಯ ಸಾಲಿಗೆ ಬಂತು. ಶಿಕ್ಷೆ ಮೂರರಿಂದ ಏಳು ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. 2015ರ ಒಂದು ಅಧ್ಯಯನದ ಪ್ರಕಾರ ಭಾರತದ ಒಂದೇ ಒಂದು ವ್ಯಾಪಾರ ಕೇಂದ್ರದಿಂದ ವರ್ಷಕ್ಕೆ ಕಡಿಮೆಯೆಂದರೂ 55,000 ಆಮೆಗಳು ಕಾಡಿನಿಂದ ಕಳ್ಳಸಾಗಣೆ ಆಗ್ತಿದ್ದವು. ಚೀಲದಲ್ಲಿ ತುಂಬಿ ಸಾಗಿಸಿದ ಮರಿಗಳಲ್ಲಿ ಒಂದು ನಮ್ಮ ಅತ್ತೆ ಮನೆಗೆ "ಲಕ್ಷ್ಮಿ"ಯಾಗಿ ಬಂದಿತ್ತು, ಅಷ್ಟೇ.

"ಹಾಗಾದ್ರೆ ಅಂಗಡೀಲಿ ಸಿಗೋ ವಿದೇಶಿ ಆಮೆ ತರೋಣ" ಅನ್ನೋರಿಗೂ ಒಂದು ಮಾತು. ದಾವಣಗೆರೆಯ ಅಕ್ವೇರಿಯಂ ಅಂಗಡಿಯೊಂದರಲ್ಲಿ ನಾಣ್ಯದಷ್ಟು ಅಗಲದ, ಕಿವಿ ಹತ್ರ ಕೆಂಪು ಪಟ್ಟೆ ಇರೋ ನೀರಾಮೆ ಮರಿಗಳನ್ನ ನೋಡಿದೆ. "ಇಷ್ಟೇ ಇರ್ತೈತಿ ಸಾರ್, ದೊಡ್ಡದಾಗಂಗಿಲ್ಲ" ಅಂದ ಅಂಗಡಿಯವನು. ಶುದ್ಧ ಸುಳ್ಳು! ಅಮೆರಿಕದ ಈ ಆಮೆ ಊಟದ ತಟ್ಟೆಯಷ್ಟು ಬೆಳೆಯುತ್ತೆ, ಇಪ್ಪತ್ತು-ಮೂವತ್ತು ವರ್ಷ ಬದುಕುತ್ತೆ. ಇದಕ್ಕೂ ಬಿಸಿಲು, ಕ್ಯಾಲ್ಸಿಯಂ, ಮೈ ಒಣಗಿಸಿಕೊಳ್ಳೋಕೆ ಜಾಗ ಬೇಕು. ದೊಡ್ಡದಾಗಿ ವಾಸನೆ ಹೊಡೆಯೋಕೆ ಶುರುವಾದ ಮೇಲೆ ಏನ್ಮಾಡ್ತೀರಿ? ರಾತ್ರಿ ಹೊತ್ತು ಕುಂದವಾಡ ಕೆರೆಗೋ ತುಂಗಭದ್ರೆಗೋ ಬಿಟ್ಟು, ಪುಣ್ಯ ಬಂತು ಅಂತ ಕೈ ಮುಗೀತೀರಿ. ಅಲ್ಲಿನ ನಮ್ಮ ಆಮೆಗಳ ಊಟಕ್ಕೆ, ಜಾಗಕ್ಕೆ ಅದು ಪೈಪೋಟಿ.

"ನಾವು ಚೆನ್ನಾಗೇ ನೋಡ್ಕೊಂತೀವಲ್ಲ" ಅಂತ ಕೆಲವರು ವಾದಿಸ್ತಾರೆ. ನೋಡ್ಕೊಳ್ಳೋರು ಇದ್ದಾರೆ, ಇಲ್ಲ ಅನ್ನಲ್ಲ. ಆದ್ರೆ ಕಾಡಿಂದ ಕದ್ದ ಮರಿಯ ಚಿಪ್ಪು ಎಷ್ಟು ನುಣ್ಣಗಿದ್ರೂ ಅದು ಕದ್ದದ್ದೇ. ಕಾನೂನು ಒಪ್ಪೋ ಆಮೆಯನ್ನೇ ಸಾಕೋದಾದ್ರೆ, ನಾನು ಕಳಿಸಿದ ಆ ಪಟ್ಟಿ ತರೋ ಮೊದಲೇ ಓದಬೇಕು. ನಮ್ಮ ಕೆಲಸದಲ್ಲಿ ಬಗ್ಗು ಬಂದ್ರೆ ಹಳೇ ವರ್ಷನ್‌ಗೆ ವಾಪಸ್ ಹೋಗಬಹುದು. ಆಮೆಗೆ ಆ ಸೌಲಭ್ಯ ಇಲ್ಲ. ಇನ್ನು ಮುಂದೆ ಬೆಳೆಯೋ ಭಾಗ ಸರಿಯಾಗಬಹುದು, ಎದ್ದ ಗುಡ್ಡ ಕೂರಲ್ಲ.

ಕೊನೆಗೆ ಏನಾಯ್ತು ಅಂತೀರಾ? ದೊಡ್ಡ ಜಗಳವೇ ಆಯ್ತು. "ಊರಾಗ ಎಷ್ಟ್ ಮಂದಿ ಸಾಕ್ಯಾರ, ನಮ್ಮನೀದೇ ಕಣ್ಣಿಗೆ ಬಿತ್ತೇನು ನಿನಗ?" ಅಂತ ಅತ್ತೆ ಅತ್ತರು. ಎರಡು ದಿನ ಬಿಟ್ಟು ಅವರ ಮಗನೇ ಅರಣ್ಯ ಇಲಾಖೆಗೆ ಫೋನ್ ಮಾಡಿ ಒಪ್ಪಿಸಿ ಬಂದ. ಹೊಳೆದಂಡೆಗೋ ಗುಡ್ಡಕ್ಕೋ ನಾವೇ ಬಿಡೋ ಹಾಗಿಲ್ಲ; ಅದು ಯಾವ ಊರಿನ ಕುರುಚಲು ಕಾಡಿನದೋ, ಯಾವ ರೋಗ ಹೊತ್ತಿದೆಯೋ ಯಾರಿಗೆ ಗೊತ್ತು?

ಅತ್ತೆ ಇನ್ನೂ ನನ್ನ ಫೋನ್ ಎತ್ತಿಲ್ಲ. ಹಬ್ಬಕ್ಕೆ ಹೋದ್ರೆ ಬಾಗಿಲು ತೆಗೀತಾರೋ ಇಲ್ವೋ ಗೊತ್ತಿಲ್ಲ. ಆದ್ರೂ ಒಂದು ವರ್ಷ ತಡವಾಗಿ ಹೇಳಿದೆನಲ್ಲಾ ಅನ್ನೋದೇ ಹೆಚ್ಚು ಚುಚ್ತಿದೆ. ನಿಮ್ಮ ನೆಂಟರ ಮನೆಯ ಟಬ್ಬಿನಲ್ಲೂ ಇಂಥದ್ದೊಂದು ಗೋಪುರ ಇದ್ರೆ, ನನ್ನ ಹಾಗೆ ತಡ ಮಾಡಬೇಡಿ.